ಎಂಟು ನೆರಿಗೆ

ಮೊರದಲ್ಲಿ ಅಕ್ಕಿ ಕೇರುತ್ತಿದ್ದ ಚಿಕ್ಕತಾಯಿ
ಒಂದು ಕಾಳನ್ನು ಉಗುರ ತುದಿಯಲ್ಲೆತ್ತಿ ಬೆಳಕಿಗೆ ಹಿಡಿದಳು.
"ಸಾಸ್ವೆ ಅಲ್ಲ, ಕಲ್ಲೂ ಅಲ್ಲ. ಏನ್ರೀ ಇದು?"
ನಾನು ಪೇಪರಿನ ಹಿಂದೆ ಹೋದೆ.
ಸೀಸದ ಚರೆ. ಒಂಬತ್ತನೇ ನಂಬರು.

ಮಾರನೆ ದಿನವೇ ನನ್ನ ಪ್ರೆಸ್ಸು, ತಕ್ಕಡಿ, ಡಬ್ಬಿಗಳಿಗೆಲ್ಲ
ಅಡುಗೆಮನೆ ಪಕ್ಕದಿಂದ ತಾರಸಿಯ ಶೀಟಿನ ಕೋಣೆಗೆ ವರ್ಗ.
ಅಶೋಕಪುರಂ ರೈಲ್ವೆ ವರ್ಕ್‌ಶಾಪಿನ ಮೂವತ್ತೊಂದು ವರ್ಷದಲ್ಲಿ
ಒಂದು ಸಲವೂ ವರ್ಗವಾಗದವನು ನಾನು.

ತೋಟಾ ಸಣ್ಣದು, ಇಪ್ಪತ್ತೆಂಟರ ಬೋರು,
ತೋರುಬೆರಳಿನ ಗಾತ್ರ.
ದೊಡ್ಡ ತೋಟಾ ತಪ್ಪನ್ನು ನುಂಗಿಕೊಂಡೀತು.
ಇದು ಕನ್ನೇಗೌಡನ ಕೊಪ್ಪಲಿನ ನಮ್ಮ ವಠಾರದ ಹಾಗೆ,
ಒಳಗಿನ ಜಗಳವನ್ನೆಲ್ಲ ಬಾಗಿಲಿಗೇ ತಂದು ನಿಲ್ಲಿಸುತ್ತದೆ.
ಒಂದರ ಬಾಯಲ್ಲಿ ನಡುವೆ ತೂತು,
ಅಲ್ಲಾಡಿಸಿದರೆ ಚರೆ ಇಣುಕುತ್ತದೆ.
ಒಂದು ಮಗುವಿನ ನೆತ್ತಿಯಂತೆ ಸುಳಿ ಸುತ್ತಿಕೊಂಡಿದೆ.
ಒಂದು ಒಳಕ್ಕೆ ಕುಸಿದ ಬಟ್ಟಲು.
ಇನ್ನೊಂದು ಎದೆಯುಬ್ಬಿಸಿಕೊಂಡು
ಕೋವಿಯೊಳಗೆ ಕಾಲಿಡಲಾರೆ ಎನ್ನುತ್ತದೆ.

ಫೋನಿನಲ್ಲಿ ಪೂವಯ್ಯ ಹೇಳಿದ:
"ಒಳಗೆ ಕಮ್ಮಿಯಾದ್ರೆ ಮಡಿಕೆಗೆ ಒರಗೋಕೆ ಗೋಡೆ ಇಲ್ಲ,
ಜಾಸ್ತಿಯಾದ್ರೆ ಮಡಚೋಕೆ ಜಾಗ ಇಲ್ಲ.
ಆದ್ರೆ ನೋಡು, ಮದ್ದಿನ ಲೆಕ್ಕಕ್ಕೆ ಮಾತ್ರ ಕೈ ಹಾಕ್ಬೇಡ."
ಹಾಕಲಿಲ್ಲ. ಯಾರದೋ ಮದುವೆಯ ಕರೆಯೋಲೆ ಕೊರೆದು
ಬಿಲ್ಲೆ ಮಾಡಿ ಚರೆಯ ಕೆಳಗಿಟ್ಟೆ,
ವರನ ಅರ್ಧ ಹೆಸರು ಮೇಲ್ಮುಖ.
ಕುಸಿದದ್ದು ಎದ್ದು ನಿಂತಿತು.
ತೂತು ಮಾತ್ರ ಹಾಗೇ ನನ್ನನ್ನು ನೋಡುತ್ತಿತ್ತು.

ಹಿಡಿಯನ್ನು ಜೋರಾಗಿ ಎಳೆದೆ, ಮೆಲ್ಲಗೆ ಎಳೆದೆ.
ಎಣ್ಣೆ ಬಿಟ್ಟೆ. ಎಣ್ಣೆ ಒರೆಸಿದೆ.
ಹವಾಮಾನವನ್ನು ಬೈದೆ.

ಶಿವರಾಂಪೇಟೆ ಅಂಗಡಿಯ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ ಇವಳು,
ಬಿಸಿಲು ಬೇಕೆಂದು ಆವತ್ತು ತಾರಸಿಗೆ ಬಂದಿದ್ದಳು.
ಹಲ್ಲಲ್ಲಿ ದಾರ ಕಚ್ಚಿಕೊಂಡೇ
ಒಂದು ಖಾಲಿ ಕೊಳವೆ ಎತ್ತಿ ಬಾಯಿ ನೋಡಿ,
ಮುಚ್ಚಿದ್ದೊಂದನ್ನು ಎತ್ತಿ ನೋಡಿ,
ದಾರ ತೆಗೆದು ಅಂದಳು:
"ಇದಕ್ಕೆ ಎಂಟು ನೆರಿಗೆ ರೂಢಿ.
ನೀವು ಆರು ಹಿಡೀತಿದೀರಿ."

ಕನ್ನಡಕ ಹುಡುಕಿದೆ.
ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಬಿಳಿ ಬಿಳಿ ಗೆರೆ,
ಮಡಚಿಟ್ಟ ರೇಷ್ಮೆ ಮಡಿಕೆಯಲ್ಲೇ ಸವೆಯುವ ಹಾಗೆ.
ಎಣಿಸಿದೆ. ಎಂಟು.
ನನ್ನ ಪ್ರೆಸ್ಸಿನ ನಕ್ಷತ್ರಕ್ಕೆ ಆರೇ ಬೆರಳು.
ಹಳೆ ಗೆರೆ ಒಂದು ಕಡೆ ಎಳೆದರೆ ಹೊಸದು ಇನ್ನೊಂದು ಕಡೆ,
ನಡುವೆ ಬಾಯಿ ಹೇಗೆ ಮುಚ್ಚೀತು?
ಇಂಚಿನ ಸಾವಿರದ ಒಂದು ಪಾಲನ್ನು
ಮೂರು ದಶಕ ಅಳೆದ ಕಣ್ಣು
ಎಂಟನ್ನು ಎಣಿಸಿರಲಿಲ್ಲ.

ನನ್ನ ಕೈಕೆಳಗೆ ಕಲಿತ ಜವರಯ್ಯನಿಗೆ ಈಗ
ಹೆಬ್ಬಾಳದಲ್ಲಿ ಸ್ವಂತ ಲೇತು.
ಎಂಟು ಬೆರಳಿನ ನಕ್ಷತ್ರ ಕಡೆದುಕೊಟ್ಟ,
ದುಡ್ಡು ಮುಟ್ಟಲಿಲ್ಲ,
ಎರಡು ಗಂಟೆ ನಕ್ಕು ವಸೂಲು ಮಾಡಿದ.

ಮುಚ್ಚಿಕೊಂಡವು. ಮೊಗ್ಗಿನಷ್ಟು ಬಿಗಿಯಾಗಿ.
ಹನ್ನೊಂದು ಮಾತ್ರ ಒಪ್ಪಲಿಲ್ಲ,
ಸುಟ್ಟು ಮೆತ್ತಗಾದ ಅಂಚು, ಮಡಿಕೆಯಲ್ಲೇ ಸೀಳು.
ಏಳು ಸಲ ಸಿಡಿದವು ಅವು.
"ಅವಕ್ಕೆ ಸಾಕಾಗದೆ, ಬಿಡಿ" ಅಂದಳು.

ಭಾನುವಾರ ರೇಂಜಿನಲ್ಲಿ ಮಣ್ಣಿನ ತಟ್ಟೆ ಇಪ್ಪತ್ತೈದು ಹಾರಿದವು.
ಹದಿನಾರು ಒಡೆದೆ.
ತೂತಿದ್ದಾಗಲೂ ಹದಿನಾರೇ.
ಇದನ್ನು ಮನೆಯಲ್ಲಿ ಹೇಳಿಲ್ಲ.

ಹನ್ನೊಂದರಲ್ಲಿ ಒಂದನ್ನು ತೊಳೆದು ಒಣಗಿಸಿ
ಅವಳು ಸೂಜಿ ಹಾಕಿಟ್ಟಿದ್ದಾಳೆ.
ಮೆಟ್ಟಿಲಿಳಿದು ಬಂದರೆ ಈಗಲೂ ಮೊದಲ ಮಾತು
"ಕೈ ತೊಳ್ಕೊಳಿ."
ಅಕ್ಕಿಯನ್ನು ಎರಡು ಸಲ ಕೇರುತ್ತಾಳೆ.